ಕಿತ್ತೂರು ದಾಟಿದರೆ ನಡುಕ

ಕಬ್ಬಿನ ಹಂಗಾಮು ಇನ್ನೂ ಮುಗಿದಿಲ್ಲ, ಭಾರತ ಹುಣ್ಣಿಮೆ ಆಗಲೇ ಹತ್ತಿರ ಬಂದಿದೆ. ಇವೆರಡೂ ಕೂಡಿಬಂದ ವಾರಗಳಲ್ಲಿ ಬೈಲಹೊಂಗಲದ ರಸ್ತೆಗಳಿಗೆ ಪುರುಸೊತ್ತು ಇರುವುದಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಬ್ಬು ಹೇರಿಕೊಂಡು, ಡ್ರೈವರನ ತಲೆಯ ಹಿಂದೆ ಕಟ್ಟಿದ ಡಬ್ಬಗಳಿಂದ ಹಾಡು ಒದರಿಸುತ್ತ ಕಾರ್ಖಾನೆಯ ಹಾದಿ ಹಿಡಿದಿರುತ್ತವೆ. ಎದುರಿನಿಂದ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟೆಂಪೋ, ಟ್ರ್ಯಾಕ್ಸು. ಎತ್ತಿನ ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಕೂತವರ ಹಣೆಗೆಲ್ಲ ಭಂಡಾರ. ಯಾರೋ ಒಬ್ಬರು 'ಉಧೋ' ಎಂದರೆ ಸಾಕು, ಹಿಂದಿನ ನಾಲ್ಕು ಗಾಡಿಯವರು ದನಿಗೂಡಿಸುತ್ತಾರೆ.

ಈ ರಸ್ತೆಗೆ ಮುಖ ಮಾಡಿ ಒಂದು ತಗಡಿನ ಶೆಡ್ಡು. 'ವೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಪಂಕ್ಚರ್' ಎಂಬ ಬೋರ್ಡಿನ ಕೆಳಗೆ ಸವೆದ ಟೈರುಗಳನ್ನು ಆಳೆತ್ತರಕ್ಕೆ ಒಟ್ಟಿದ್ದಾರೆ. ಒಳಗಿನ ನೆಲ ಒಂದು ಕಾಲಕ್ಕೆ ಸಿಮೆಂಟಿನದಿತ್ತು. ಈಗ ಗ್ರೀಸು, ಎರೆಮಣ್ಣು, ಡೀಸೆಲ್ಲು ಸೇರಿ ಗಟ್ಟಿಯಾದ ಕಪ್ಪು ಪದರ. ಗೋಡೆಯ ಮೊಳೆಗಳಿಗೆ ಪಾನಾಗಳು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ತೂಗುಬಿದ್ದಿವೆ. ಆ ಸಾಲೊಂದನ್ನು ಬಿಟ್ಟರೆ ಇಡೀ ಶೆಡ್ಡಿನಲ್ಲಿ ಯಾವ ವಸ್ತುವೂ ತನ್ನ ಜಾಗದಲ್ಲಿ ಇರುವಂತೆ ಕಾಣುವುದಿಲ್ಲ. ಮೂಲೆಯಲ್ಲಿ ಬ್ಯಾಲೆನ್ಸಿಂಗ್ ಮಶೀನು, ಅದರ ತಲೆಯ ಮೇಲೆ ಎರಡು ಕೆಂಪು ಅಂಕಿಗಳ ಪರದೆ, ಪರದೆಗೆ ಅಂಟಿದ ವೀರಭದ್ರನ ಸ್ಟಿಕ್ಕರು. ಮಿಸ್ತ್ರಿ ರಾಮದುರ್ಗದ ಕಡೆಯವರು, ಗೊಡಚಿ ವೀರಭದ್ರನ ಒಕ್ಕಲು. ವಯಸ್ಸು ಅರವತ್ತರ ಆಚೀಚೆ, ಕಿವಿಯಲ್ಲಿ ಒಂಟಿ ಬಾವಲಿ, ಬಲಗೈಯ ಹೆಬ್ಬೆರಳಿನ ಉಗುರು ಸದಾ ಕಪ್ಪು. ಮಾತು ಕಡಿಮೆ, ಕೇಳುವುದು ಜಾಸ್ತಿ. ಈ ಕಸುಬಿನಲ್ಲಿ ಅಂಥವರು ಈಗ ಅಪರೂಪ. ಬಹಳ ಕಡೆ ಗಾಡಿ ನಿಲ್ಲಿಸುವ ಮೊದಲೇ ಬಾನೆಟ್ ಎತ್ತಿರುತ್ತಾರೆ.

ಬಿಳಿ ಸ್ವಿಫ್ಟ್ ಬಂದು ನಿಂತಿತು. ಕೆಎ 24, ಬೈಲಹೊಂಗಲದ್ದೇ ಪಾಸಿಂಗು. ಹಿಂದಿನ ಗಾಜಿಗೆ ಕುದುರೆಯೇರಿದ ಚೆನ್ನಮ್ಮ, ಬಾನೆಟ್ಟಿನ ಮೇಲೆ ಕತ್ತಿ ಹಿಡಿದ ಸಂಗೊಳ್ಳಿ ರಾಯಣ್ಣ, ಒಳಗೆ ಕನ್ನಡಿಗೆ ಕಟ್ಟಿದ ಕವಡೆ ಸರ. ಮುಂದಿನ ಗಾಲಿಗಳೆರಡೂ ಮಡ್‌ಗಾರ್ಡಿನ ಅಂಚಿಗೆ ಸಮನಾಗಿ ಹೊರಗೆ ಬಂದಿವೆ. ಹಿಂದಿನವು ಒಳಗೇ ಉಳಿದಿವೆ. ಎದೆ ಉಬ್ಬಿಸಿ ನಿಂತ ಪೈಲ್ವಾನನ ಹಾಗೆ ಮುಂದೆ ಅಗಲ, ಹಿಂದೆ ಸಪೂರ. ಸ್ಟೇರಿಂಗಿನಿಂದ ಇಳಿದವನು ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ಪಕ್ಕದ ಸೀಟಿನಿಂದ ಅವನ ತಂದೆ, ಹಿಂದಿನಿಂದ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡ ತಾಯಿ.

"ಏನ್ ಆಗೇತೋ ತಮ್ಮಾ?"

"ಗಾಡಿ ಥರಾಥರಾ ನಡಗತೈತ್ರಿ ಕಾಕಾ. ಸ್ಟೇರಿಂಗ್ ಹಿಡಿಯಾಕ ಆಗವಲ್ದು."

"ಏನೂ ನಡಗಂಗಿಲ್ಲ ಮಿಸ್ತ್ರಿ," ತಂದೆ ನಡುವೆ ಬಾಯಿ ಹಾಕಿದರು. "ನಾನ ಮೊನ್ನೆ ರಾಮದುರ್ಗಕ್ಕ ಹೋಗಿ ಬಂದೇನಿ. ಸವದತ್ತಿ ಮ್ಯಾಲೇ ಹೋಗಿದ್ದೆ. ಒಂದ ಹನಿ ನಡುಗಿಲ್ಲ. ಇವ ಹೊಡಿಯೂದ ಹಂಗ."

"ಅಪ್ಪಾ, ಕಿತ್ತೂರ ದಾಟಿ ಧಾರವಾಡ ಕಡೆ ನಡಿ, ಗೊತ್ತಾಗ್ತೈತಿ."

"ನನಗೂ ಏನೂ ಆಗಂಗಿಲ್ಲಪಾ," ತಾಯಿ ಬುಟ್ಟಿಯನ್ನು ಬೆಂಚಿನ ಮೇಲಿಟ್ಟರು. "ಹಿಂದ ಕುಂತ್ರ ನಿದ್ದಿ ಬರ್ತೈತಿ."

ಮಿಸ್ತ್ರಿ ಮೂವರ ಮಾತನ್ನೂ ಕೇಳಿಸಿಕೊಂಡರು. ಯಾರದ್ದೂ ಸುಳ್ಳಲ್ಲ ಎಂದು ಅವರಿಗೆ ಆಗಲೇ ಹೊಳೆದಿರಬೇಕು. ಅವರ ಪ್ರಕಾರ ಗಾಡಿ ಯಾವ ಊರಿನಿಂದ ಬಂತು ಎಂದು ತಿಳಿದರೆ ಅರ್ಧ ರೋಗ ತಿಳಿದ ಹಾಗೆ. ಬೈಲಹೊಂಗಲದ ಸುತ್ತಿನ ಗಾಡಿಗಳಿಗೆ ಎರೆಮಣ್ಣಿನ ಕಾಟ: ನೀರು ಬಿಟ್ಟ ಹೊಲದ ಬದುವಿಗೆ ಒಮ್ಮೆ ಇಳಿದರೆ ಅಂಗೈ ಅಗಲದ ಹೆಂಟೆ ರಿಮ್ಮಿನ ಒಳಮೈಗೆ ಮೆತ್ತಿಕೊಂಡು, ಬಿಸಿಲಿಗೆ ಒಣಗಿ ಕಲ್ಲಾಗುತ್ತದೆ. ಗುಡ್ಡಕ್ಕೆ ಹೋಗಿಬಂದ ಗಾಡಿಗಳದ್ದು ಬ್ರೇಕಿನ ತಕರಾರು. ಆರು ಜನ ಕೂರುವಲ್ಲಿ ಹತ್ತು ಜನ ಕೂತು, ಇಳಿಜಾರಿನುದ್ದಕ್ಕೂ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದು, ಕಾದ ಡಿಸ್ಕಿಗೆ ಕೆಳಗೆ ಬಂದವರೇ ನೀರು ಹೊಡೆಯುತ್ತಾರೆ. ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲು ಕಾಲನ್ನು ಒದೆಯುತ್ತದೆ. ರಾಮದುರ್ಗದ ಗಾಡಿಗಳಲ್ಲಿ ಬೇರಿಂಗು. 2019ರ ಆಗಸ್ಟಿನಲ್ಲಿ ಮಲಪ್ರಭೆ ಊರೊಳಗೆ ಬಂದು ನೇಕಾರರ ಮನೆಗಳೇ ಮುಳುಗಿದ್ದವಲ್ಲ, ಆ ನೀರಿನಲ್ಲಿ ನಿಂತ ಗಾಡಿಗಳ ಗಾಲಿಗಳು ಎಷ್ಟೋ ತಿಂಗಳ ಮೇಲೆ ಒಂದೊಂದಾಗಿ ಗುಂಯ್‌ಗುಡಲು ಸುರುಮಾಡಿದವು ಎನ್ನುತ್ತಾರೆ. ಇನ್ನು ಕಿತ್ತೂರು. ಅಲ್ಲಿ ಹೆದ್ದಾರಿ ಇದೆ. ಬೇರೆಲ್ಲೂ ಕಾಣದ ರೋಗ ಅಲ್ಲಿ ಕಾಣುತ್ತದೆ, ಯಾಕೆಂದರೆ ಈ ನಾಲ್ಕು ತಾಲೂಕುಗಳಲ್ಲಿ ಗಾಡಿಯ ಮುಳ್ಳು 80 ದಾಟಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುವುದು ಆ ರಸ್ತೆಯ ಮೇಲೆ ಮಾತ್ರ. ಉಳಿದ ಕಡೆ ಊರಿಗೊಂದು ಹಂಪು, ಹಂಪಿಗೊಂದು ಟ್ರ್ಯಾಕ್ಟರು.

ಪ್ರಶ್ನೆಗಳು ಸುರುವಾದವು. ಎಷ್ಟು ಸ್ಪೀಡಿಗೆ ಬರುತ್ತದೆ? ಎಂಬತ್ತಕ್ಕೆ ಸುರುವಾಗಿ ತೊಂಬತ್ತು ತೊಂಬತ್ತೈದಕ್ಕೆ ಜೋರು. ನೂರಾಹತ್ತು ದಾಟಿದರೆ ಕೊಂಚ ಕಡಿಮೆ. (ನೂರಾಹತ್ತು ಎಂದ ಕೂಡಲೇ ತಂದೆ ಮಗನ ಮುಖ ನೋಡಿದರು. ಹುಡುಗ ಗೋಡೆಯ ಪಾನಾ ಎಣಿಸತೊಡಗಿದ.) ಸ್ಟೇರಿಂಗ್ ನಡುಗುತ್ತದೋ, ಸೀಟೋ? ಸ್ಟೇರಿಂಗ್. ಹಾಗಿದ್ದರೆ ಮುಂದಿನ ಗಾಲಿ. ಹಿಂದಿನದಾಗಿದ್ದರೆ ಅವ್ವಾರಿಗೆ ನಿದ್ದೆ ಬರುತ್ತಿರಲಿಲ್ಲ. ಬ್ರೇಕ್ ಒತ್ತಿದಾಗ ಹೆಚ್ಚಾಗುತ್ತದೋ? ಇಲ್ಲ. ಹಾಗಾದರೆ ಡಿಸ್ಕ್ ಸರಿಯಿದೆ. ಆ ಸ್ಪೀಡಿನಲ್ಲಿ ಇದ್ದಾಗ ಆಕ್ಸಿಲೇಟರ್ ಬಿಟ್ಟು ನ್ಯೂಟ್ರಲ್ ಮಾಡಿದರೆ? ಹುಡುಗ ಅದನ್ನು ನೋಡಿರಲಿಲ್ಲ.

"ಯಾವಾಗಿಂದ?"

"ಆ ಪ್ಲೇಟ್ ಹಾಕಿಸಿದ ಮ್ಯಾಲಿಂದ್ರಿ."

"ಯಾವ ಪ್ಲೇಟು?" ತಂದೆಗೆ ಇದು ಹೊಸ ಸುದ್ದಿ.

ಸಂಗತಿ ಹೊರಗೆ ಬಿತ್ತು. ದೂರದ ದೊಡ್ಡ ಊರಿನ ಯಾವುದೋ ಅಂಗಡಿಯಲ್ಲಿ, ಗಾಲಿ ಅಗಲ ಕಾಣಲಿ ಎಂದು, ಹಬ್ಬಿಗೂ ಗಾಲಿಗೂ ನಡುವೆ ಕೂರಿಸುವ ಅಲ್ಯುಮಿನಿಯಂ ಸ್ಪೇಸರ್ ಹಾಕಿಸಿದ್ದ. ಅವರ ಹತ್ತಿರ ಎರಡೇ ಉಳಿದಿದ್ದವು, ಮುಂದಕ್ಕೆ ಹಾಕಿದರು. ಬರುವ ತಿಂಗಳು ರಾಮದುರ್ಗದಲ್ಲಿ ಸೋದರಮಾವನ ಮಗನ ಮದುವೆ. ಮೆರವಣಿಗೆಯ ಗಾಡಿ ಇದೇ.

ಇಲ್ಲಿ ಒಂದು ಮಾತು ಹೇಳಬೇಕು. ಗಾಡಿಯನ್ನು ಸಿಂಗರಿಸುವ ಹುಚ್ಚು ಈ ಸೀಮೆಗೆ ಹೊಸದಲ್ಲ. ಗುಡ್ಡಕ್ಕೆ ಹೊರಟ ಚಕ್ಕಡಿಗೆ ಹಿತ್ತಾಳೆ ಬಳೆ, ಗಾಲಿಗೆ ಬಣ್ಣ, ನೊಗಕ್ಕೆ ಗೊಂಡೆ ಇಲ್ಲದಿದ್ದರೆ ಮನೆತನದ ಮರ್ಯಾದೆಯ ಪ್ರಶ್ನೆಯಾಗುತ್ತಿತ್ತು. ಆದರೆ ಆ ಸಿಂಗಾರವೆಲ್ಲ ಅಚ್ಚು, ಗಾಲಿ, ಕಡಾಣಿಗಳ ಹೊರಗೇ ಉಳಿಯುತ್ತಿತ್ತು. ಕಡಾಣಿಯ ತಂಟೆಗೆ ಹೋಗುವುದು ಬಡಿಗ ಒಬ್ಬನೇ. ಮೋಟಾರು ಗಾಡಿಗೆ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಮತ್ತೊಮ್ಮೆ ಒತ್ತಿ ಹೇಳಿತು. ಆರ್‌ಟಿಒ ಆಫೀಸು ಇದೇ ಊರಿನಲ್ಲಿದೆ. ಆದರೂ ಇಂಥ ಪ್ಲೇಟುಗಳು ಧಾರಾಳವಾಗಿ ಮಾರಾಟವಾಗುತ್ತವೆ, ಜನ ಧಾರಾಳವಾಗಿ ಹಾಕಿಸುತ್ತಾರೆ.

ಪ್ಲೇಟು ಎಂದ ಕೂಡಲೇ ಮಿಸ್ತ್ರಿ ಅದನ್ನು ಬಿಚ್ಚಲು ಹೋಗಲಿಲ್ಲ. ಹೊಸದು ಹಾಕಿದ ಮೇಲೆ ಬಂತು ಎಂದಮಾತ್ರಕ್ಕೆ ಹೊಸದರಿಂದಲೇ ಬಂತು ಎಂದಾಗುವುದಿಲ್ಲ. ಪ್ಲೇಟು ಹಾಕಿದ ವಾರವೇ ಗಾಲಿ ಎಲ್ಲೋ ತೆಗ್ಗಿಗೆ ಬಡಿದು ರಿಮ್ಮು ಸೊಟ್ಟಗಾಗಿರಬಹುದು. ಮೊದಲು ಅವರು ಕೂತು ಗಾಲಿಯ ಹಿಂದೆ ಕೈ ಹಾಕಿದರು. ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಬಲಗಾಲಿಯ ಒಳಗಿನಿಂದ ಒಣಗಿದ ಎರೆಮಣ್ಣಿನ ಹೆಂಟೆ ಕಳಚಿ ನೆಲಕ್ಕೆ ಬಿತ್ತು. ಅದರ ಒಂದು ಮೈಗೆ ರಿಮ್ಮಿನ ಬಾಗು ಅಚ್ಚೊತ್ತಿದೆ, ಇನ್ನೊಂದು ಮೈಯಲ್ಲಿ ಕಬ್ಬಿನ ರವದಿ ಸಿಕ್ಕಿಕೊಂಡಿದೆ. ತೂಕ ಹಾಕಿದ್ದರೆ ನೂರು ಗ್ರಾಮಿಗೆ ಕಡಿಮೆ ಇರುತ್ತಿರಲಿಲ್ಲ.

"ನೋಡ್, ಪ್ಲೇಟಿಂದಲ್ಲ, ಮಣ್ಣಿಂದು," ಎಂದ ಹುಡುಗ, ಖುಷಿಯಿಂದ.

"ಇದರದ್ದೂ ಇರಬೋದು," ಎಂದರು ಮಿಸ್ತ್ರಿ. ಪೈಪಿನಿಂದ ನೀರು ಹೊಡೆದು ನಾಲ್ಕೂ ಗಾಲಿ ತೊಳೆಸಿದರು. "ನಡೀ, ಕಿತ್ತೂರಿಗಿ."

ತಾಯಿ ಶೆಡ್ಡಿನಲ್ಲೇ ಉಳಿದರು. ಶೆಡ್ಡಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದ ನನಗೆ ಹಿಂದಿನ ಸೀಟಿನಲ್ಲಿ ಜಾಗ ಸಿಕ್ಕಿತು. ಊರು ದಾಟಿದರೆ ಎರಡೂ ಕಡೆ ಕಪ್ಪು ಭೂಮಿ: ಕಟಾವಾದ ಕಬ್ಬಿನ ಕೂಳೆ, ತೆನೆ ತೂಗುವ ಬಿಳಿಜೋಳ, ಕಡಲೆಯ ಹಸಿರು ಪಟ್ಟಿಗಳು. ನಲವತ್ತೈದು, ಐವತ್ತು. ಗಾಡಿ ನುಣ್ಣಗೆ ಹೋಗುತ್ತಿತ್ತು. ತಂದೆ ಸ್ಟೇರಿಂಗಿನ ಕಡೆ ಕೈ ಮಾಡಿ ತೋರಿಸಿದರು, ಮಾತಾಡಲಿಲ್ಲ. ಕಿತ್ತೂರಿನಲ್ಲಿ ಸಂತೆಯ ಗದ್ದಲ. ಕೋಟೆಯ ಕಡೆ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ತಿರುಗುತ್ತಿದ್ದವು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತ ಜಾಗ ಯಾವುದು ಎಂದು ಮೇಷ್ಟ್ರೊಬ್ಬರು ಮಕ್ಕಳಿಗೆ ಕೈ ತೋರಿಸಿ ಹೇಳುತ್ತಿದ್ದರು. ಅದನ್ನೆಲ್ಲ ಹಿಂದೆ ಬಿಟ್ಟು ಗಾಡಿ ಹೆದ್ದಾರಿಗೆ ಏರಿತು. ಹಳೆಯ ನಾಲ್ಕನೇ ನಂಬರಿನ ರಸ್ತೆ, ಈಗ 48. ಜನರ ಬಾಯಲ್ಲಿ ಇನ್ನೂ ಎನ್ನೆಚ್ ಫೋರೇ.

ಎಪ್ಪತ್ತರಲ್ಲಿ ಏನೂ ಇಲ್ಲ. ಎಂಬತ್ತು ಮುಟ್ಟಿದಾಗ ಮೊದಲು ತಿಳಿದದ್ದು ಕನ್ನಡಿಗೆ ಕಟ್ಟಿದ ಕವಡೆ ಸರಕ್ಕೆ. ಅದುವರೆಗೆ ರಸ್ತೆಯ ಏರಿಳಿತಕ್ಕೆ ಸಾವಕಾಶವಾಗಿ ಓಲಾಡುತ್ತಿದ್ದ ಸರ ಒಮ್ಮೆಲೇ ಸಣ್ಣಗೆ ಚಿಟಿಚಿಟಿ ಎನ್ನತೊಡಗಿತು. ತೊಂಬತ್ತಕ್ಕೆ ಸ್ಟೇರಿಂಗಿನ ಮೇಲಿನ ಹುಡುಗನ ಕೈಬೆರಳುಗಳ ಅಂಚು ಮಸುಕಾಗಿ ಕಾಣುವಷ್ಟು ನಡುಕ. ಗೇರಿನ ಬಳಿ ಇಟ್ಟ ನೀರಿನ ಬಾಟ್ಲಿಯಲ್ಲಿ ನೀರಿನ ಮೇಲ್ಮೈ ಪೂರ್ತಿ ಬೆಳ್ಳಗಾಗಿ, ಗುಳ್ಳೆಗಳು ನಡುವಿಗೆ ಕೂಡಿಕೊಂಡವು. ಮಣ್ಣು ಹೋದ ಮೇಲೂ ಇಷ್ಟು.

"ಆಕ್ಸಿಲೇಟರ್ ಬಿಡು. ನ್ಯೂಟ್ರಲ್ ಮಾಡು."

ಎಂಜಿನ್ನಿನ ದನಿ ಇಳಿಯಿತು, ನಡುಕ ಇಳಿಯಲಿಲ್ಲ. ಗಾಡಿ ತನ್ನ ಪಾಡಿಗೆ ತೇಗೂರಿನ ಕಡೆ ಉರುಳುತ್ತ, ವೇಗ ಎಂಬತ್ತರ ಕೆಳಗೆ ಬಂದಾಗಲೇ ಕವಡೆ ಸರ ಸುಮ್ಮನಾದದ್ದು. ಎಂಜಿನ್ ಮೌಂಟಿಂಗ್, ಕ್ಲಚ್ಚು, ಗೇರುಬಾಕ್ಸು ಎಲ್ಲವೂ ಒಂದೇ ಏಟಿಗೆ ಸಂಶಯದಿಂದ ಪಾರಾದವು. ಉಳಿದದ್ದು ಗಾಲಿ ಮತ್ತು ಗಾಲಿ ಕೂರುವ ಜಾಗ. ತಂದೆ ಸೀಟು ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

"ಹಿಂಗ ಆಗ್ತೈತಿ ಅಂತ ಮೊದಲ ಹೇಳಾಕ ಏನಾಗಿತ್ತು?" ಎಂದರು ಮಗನಿಗೆ. ಹುಡುಗ ಉತ್ತರಿಸಲಿಲ್ಲ, ಉತ್ತರಿಸಿದ್ದರೆ ಜಗಳವಾಗುತ್ತಿತ್ತು.

ಶೆಡ್ಡಿಗೆ ಮರಳಿದ ಮೇಲೆ ಎರಡೂ ಮುಂಗಾಲಿ ಬಿಚ್ಚಿ ಬ್ಯಾಲೆನ್ಸಿಂಗ್ ಮಶೀನಿಗೆ ಏರಿಸಿದರು. ಗಾಲಿಯ ನಡುತೂತಿಗೆ ಶಂಕುವಿನಾಕಾರದ ಕೋನು ತೂರಿಸಿ, ಹಿಂದಿನಿಂದ ದೊಡ್ಡ ತಿರುಪು ಬಿಗಿದು, ಮುಚ್ಚಳ ಇಳಿಸಿದರೆ ಗಾಲಿ ತಾನೇ ಗಿರ್ರನೆ ತಿರುಗಿ ನಿಲ್ಲುತ್ತದೆ. ಪರದೆಯ ಮೇಲೆ ಕೆಂಪು ಅಂಕಿ: ಒಂದು ಕಡೆ 0, ಇನ್ನೊಂದು ಕಡೆ 5. ಐದು ಗ್ರಾಮು ಯಾವ ಲೆಕ್ಕಕ್ಕೂ ಇಲ್ಲ. ಎರಡನೇ ಗಾಲಿ, ಎರಡೂ ಕಡೆ ಸೊನ್ನೆ.

ಬಹಳಷ್ಟು ಅಂಗಡಿಗಳಲ್ಲಿ ತನಿಖೆ ನಿಲ್ಲುವುದು ಇಲ್ಲೇ. ಮಶೀನು ಸೊನ್ನೆ ತೋರಿಸಿತು ಎಂದ ಮೇಲೆ ಟೈರಿನ ಮೇಲೆ ಸಂಶಯ, ಆಮೇಲೆ ಸಸ್ಪೆನ್ಶನ್ ಬುಶ್ಶಿನ ಮೇಲೆ, ಟೈ ರಾಡಿನ ಮೇಲೆ, ಆಕ್ಸಲ್ಲಿನ ಮೇಲೆ. ಒಂದೊಂದಾಗಿ ಹೊಸ ಸಾಮಾನು, ಒಂದೊಂದಾಗಿ ಬಿಲ್ಲು. ನಡುಕ ಇದ್ದಲ್ಲೇ ಇರುತ್ತದೆ.

ಮಿಸ್ತ್ರಿ ಮಶೀನಿನ ಮೇಲೇ ಇದ್ದ ಗಾಲಿಯ ಪಕ್ಕಕ್ಕೆ ಒಂದು ಕಬ್ಬಿಣದ ಸ್ಟೂಲು ಎಳೆದು, ಅದರ ಮೇಲೆ ಇಟ್ಟಿಗೆ, ಇಟ್ಟಿಗೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟರು. ತುದಿಯನ್ನು ರಿಮ್ಮಿನ ಅಂಚಿಗೆ ಕೂದಲೆಳೆ ದೂರಕ್ಕೆ ತಂದು ಗಾಲಿಯನ್ನು ಕೈಯಿಂದ ಹಗೂರಕೆ ತಿರುಗಿಸಿದರು. ತುದಿಗೂ ಅಂಚಿಗೂ ನಡುವಿನ ಬೆಳಕಿನ ಗೆರೆ ಒಂದು ಸುತ್ತು ಪೂರ್ತಿ ಒಂದೇ ದಪ್ಪ ಇತ್ತು. ರಿಮ್ಮು ಸೊಟ್ಟಗಿಲ್ಲ. ಅದೇ ಗಾಲಿಯನ್ನು ಜಾಕಿನ ಮೇಲೆ ನಿಂತ ಗಾಡಿಗೆ, ಪ್ಲೇಟು ಸಮೇತ, ಇದ್ದ ಹಾಗೆಯೇ ಕೂರಿಸಿ ನಟ್ಟು ಬಿಗಿದರು. ಅದೇ ಸ್ಟೂಲು, ಅದೇ ಇಟ್ಟಿಗೆ, ಅದೇ ಸ್ಕ್ರೂಡ್ರೈವರು. ಈಗ ಬೆಳಕಿನ ಗೆರೆ ಅರ್ಧ ಸುತ್ತಿನವರೆಗೆ ದಪ್ಪವಾಗುತ್ತ ಹೋಗಿ, ಉಳಿದರ್ಧದಲ್ಲಿ ತೆಳ್ಳಗಾಗುತ್ತ ಬಂದು ಕೊನೆಗೆ ಲೋಹಕ್ಕೆ ಲೋಹ ತಾಗಿ ಚರ್ ಎಂದಿತು. ತಾಗಿದ ಜಾಗಕ್ಕೆ, ಅದರ ನೇರಕ್ಕೆ ಹಬ್ಬಿಗೂ, ಖಡುವಿನಿಂದ ಗುರುತು ಮಾಡಿದರು.

ಆಮೇಲೆ ಮಾಡಿದ್ದೇ ಈ ಮನುಷ್ಯನ ಕಸುಬು. ಗಾಲಿ ಬಿಚ್ಚಿ, ಒಂದು ತೂತು ಮುಂದಕ್ಕೆ ತಿರುಗಿಸಿ ಮತ್ತೆ ಬಿಗಿದರು. ಗಾಲಿಯದೇ ದೋಷವಾಗಿದ್ದರೆ ಉಬ್ಬು ಖಡುವಿನ ಗುರುತಿನ ಜೊತೆಗೇ ಬರಬೇಕು. ಹಬ್ಬಿನದಾಗಿದ್ದರೆ ಹಬ್ಬಿನ ಮೇಲೆ ಮಾಡಿದ ಗುರುತಿಗೇ ಅಂಟಿಕೊಂಡಿರಬೇಕು. ಬಂದದ್ದು ಎರಡರಲ್ಲೂ ಅಲ್ಲ, ಬೇರೆಯೇ ಒಂದು ಕಡೆ. ಮತ್ತೊಮ್ಮೆ ಬಿಚ್ಚಿ ಬಿಗಿದರೆ ಮತ್ತೊಂದು ಕಡೆ.

"ತಮ್ಮಾ, ನಡುವ ಒಮ್ಮೆ ಟಾಯರ್ ಬಿಚ್ಚಿಸಿದ್ದೇನು? ಪಂಕ್ಚರ್ ಗಿಂಕ್ಚರ್?"

"ಹೌದ್ರಿ. ಆವಾಗ ಎರಡ ದಿನಾ ನಡುಕ ಕಮ್ಮಿ ಆಗಿತ್ತು. ಚೊಲೋ ಆತು ಅನ್ಕೊಂಡಿದ್ದೆ. ಎಡಗಡೆ ಗಾಲಿ ಬಿಚ್ಚಿಸಿದ ಮ್ಯಾಲೆ ಮತ್ತ ಬಂತು."

"ಇದನ್ನ ಮೊದಲ ಹೇಳ್ಬೇಕಿಲ್ಲೋ?"

ಪ್ಲೇಟು ಕೈಗೆ ಬಂತು. ಹೊಳೆಯುವ ಅಲ್ಯುಮಿನಿಯಂ, 10 ಮಿಲಿಮೀಟರ್ ದಪ್ಪ, ನಾಲ್ಕು ತೂತು, ನಡುವೆ ದೊಡ್ಡ ಗುಂಡಗಿನ ತೂತು. ಪಕ್ಕದ ಲೇತ್ ಅಂಗಡಿಯವನನ್ನು ಕರೆದರು. ಕೂರಿಗೆ, ರಂಟೆ, ಟ್ರೇಲರಿನ ಪಿನ್ನು ಮಾಡುವ ಅವನು ಉಟ್ಟ ಲುಂಗಿಗೇ ಕೈ ಒರೆಸಿಕೊಂಡು ವರ್ನಿಯರ್ ಹಿಡಿದು ಬಂದ. ಸ್ವಿಫ್ಟಿನ ಹಬ್ಬಿನ ಮಧ್ಯದಲ್ಲಿ ಹೊರಗೆ ಚಾಚಿದ ಒಂದು ಗುಂಡು ಅಂಚು ಇರುತ್ತದೆ. ಅದರ ವ್ಯಾಸ 54 ಮಿಲಿಮೀಟರ್ ಮತ್ತು ಒಂದು ಎಳೆ. ಗಾಲಿಯ ನಡುತೂತು ಆ ಅಂಚಿನ ಮೇಲೆ ಬಿಗಿಯಾಗಿ ಕೂತು ನಡುವನ್ನು ಹಿಡಿಯುತ್ತದೆ. ನಟ್ಟುಗಳ ಕೆಲಸ ಒತ್ತಿ ಹಿಡಿಯುವುದು. ಪ್ಲೇಟಿನ ನಡುತೂತನ್ನು ಅಳೆದರೆ 56. ನಾಲ್ಕು ತೂತುಗಳ ವೃತ್ತ 100 ಮಿಲಿಮೀಟರ್, ಅದು ಸರಿಯಾಗಿಯೇ ಇದೆ. ಹೋಂಡಾ ಸಿಟಿಗೂ ಅದೇ ನೂರರ ವೃತ್ತ, ಆದರೆ ಅದರ ಹಬ್ಬು 56ರದ್ದು. ತೂತು ಹೊಂದಿದವು, ಕೂತಿತು, ಬಿಗಿದರು. ಯಾರೂ ನಡುವನ್ನು ಅಳೆಯಲಿಲ್ಲ.

ಅದಷ್ಟೇ ಆಗಿದ್ದರೂ ಸಹಿಸಬಹುದಿತ್ತೇನೋ. 10 ಮಿಲಿಮೀಟರ್ ದಪ್ಪದ ಪ್ಲೇಟು ಹಬ್ಬಿನ ಆ ಅಂಚನ್ನು ಪೂರ್ತಿ ನುಂಗಿಬಿಟ್ಟಿತ್ತು. ಒಳ್ಳೆಯ ಸ್ಪೇಸರಿಗೆ ಹೊರಮೈಯಲ್ಲಿ ತನ್ನದೇ ಒಂದು ಅಂಚು ಇರುತ್ತದೆ, ಗಾಲಿ ಅದರ ಮೇಲೆ ಕೂರುತ್ತದೆ. ಇದರ ಮೈ ಚಪ್ಪಟೆ. ಗಾಲಿಗೆ ನಡು ಹಿಡಿಯಲು ಏನೂ ಉಳಿದಿರಲಿಲ್ಲ. ನಾಲ್ಕು ಬೋಲ್ಟಿಗೆ ಜೋತುಬಿದ್ದಿತ್ತು. ಗಾಡಿಯನ್ನು ನೆಲಕ್ಕೆ ಇಳಿಸಿದ ಮೇಲೆ ಗನ್ನಿನಿಂದ ಗರ್ ಗರ್ ಎಂದು ಸುತ್ತಿನಲ್ಲಿ ಒಂದಾದ ಮೇಲೊಂದು ನಟ್ಟು ಬಿಗಿದರೆ, ಗಾಡಿಯ ಭಾರಕ್ಕೆ ಗಾಲಿ ಯಾವ ಕಡೆ ಜಗ್ಗಿರುತ್ತದೋ ಅಲ್ಲೇ ಗಟ್ಟಿಯಾಗುತ್ತದೆ. ಹಾಗಾಗಿಯೇ ಪ್ರತಿಸಲ ಹೊಸ ಜಾಗದಲ್ಲಿ ಉಬ್ಬು. ಮಶೀನಾದರೋ ಗಾಲಿಯನ್ನು ಕೋನಿನಿಂದ ನಡುತೂತಿಗೇ ಹಿಡಿದು ತಿರುಗಿಸುತ್ತದೆ. ಪ್ಲೇಟಿನ ವಿಷಯ ಅದಕ್ಕೆ ಹೇಗೆ ಗೊತ್ತಾಗಬೇಕು?

ಲೆಕ್ಕ ಬೇಕಾದವರಿಗೆ ಲೆಕ್ಕ. ಟೈರು ಸಮೇತ ಈ ಗಾಲಿಯ ತೂಕ ಸುಮಾರು 16 ಕಿಲೋ ಎನ್ನೋಣ. ಅದು ನಡುವಿನಿಂದ ಅರ್ಧ ಮಿಲಿಮೀಟರ್ ಸರಿದು ಕೂತರೆ, ರಿಮ್ಮಿನ ಅಂಚಿಗೆ 40 ಗ್ರಾಮಿನ ಸೀಸದ ತುಂಡು ಹೆಚ್ಚಿಗೆ ಅಂಟಿಸಿದಂತೆ. 90ರ ವೇಗದಲ್ಲಿ ಗಾಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಸುಮಾರು 5 ಕಿಲೋ ಭಾರದಷ್ಟು ಜಗ್ಗು, ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಒಮ್ಮೆ ಹಿಂದೆ, ಒಮ್ಮೆ ಮುಂದೆ. ಸ್ಪ್ರಿಂಗಿನ ಕೆಳಗಿನ ಗಾಲಿ, ಹಬ್ಬು, ಬ್ರೇಕು ಇವಕ್ಕೆಲ್ಲ ಸೇರಿ ತಮ್ಮದೇ ಒಂದು ಕುಣಿತದ ಗತಿ ಇರುತ್ತದೆ, ಕಾರುಗಳಲ್ಲಿ ಅದು ಸೆಕೆಂಡಿಗೆ ಹತ್ತರಿಂದ ಹದಿನೈದರ ಸುಮಾರು. ಗಾಲಿಯ ಸುತ್ತು ಆ ಗತಿಗೆ ಕೂಡಿತೆಂದರೆ ನಡುಕ ಹಲವು ಪಟ್ಟು ಹೆಚ್ಚಿ ಸ್ಟೇರಿಂಗಿನವರೆಗೆ ಏರುತ್ತದೆ. ದಾಟಿ ಮುಂದೆ ಹೋದರೆ ಕೊಂಚ ಇಳಿಯುತ್ತದೆ. ವೇಗ ಅರ್ಧವಾದರೆ ಜಗ್ಗು ಕಾಲುಭಾಗಕ್ಕೆ ಇಳಿಯುತ್ತದೆ, ಗತಿಯೂ ಕೂಡುವುದಿಲ್ಲ. ಅಪ್ಪ ರಾಮದುರ್ಗಕ್ಕೆ ನಲವತ್ತೈದರಲ್ಲಿ ಹೋಗಿ ನೆಮ್ಮದಿಯಾಗಿ ಬಂದದ್ದು ಹೀಗೆ. ಅವರ ಗಾಲಿಯೂ ಅಷ್ಟೇ ಸೊಟ್ಟ ತಿರುಗುತ್ತಿತ್ತು.

ನಡುಕಕ್ಕಿಂತ ಹೆಚ್ಚು ಹೆದರಿಸಿದ್ದು ಬೇರೆ. ನಟ್ಟು ಬಿಚ್ಚುವಾಗ ಮಿಸ್ತ್ರಿ ಸುತ್ತು ಎಣಿಸುತ್ತಿದ್ದುದನ್ನು ನಾನು ನೋಡಿದ್ದೆ. ಐದು ಸುತ್ತಿಗೆ ನಟ್ಟು ಕೈಗೆ ಬಂದಿತ್ತು. ಈ ಗಾಡಿಯ ಬೋಲ್ಟಿನ ದಪ್ಪ 12 ಮಿಲಿಮೀಟರ್, ಮರೆ (ಥ್ರೆಡ್ಡು) ಒಂದೊಂದು ಸುತ್ತಿಗೆ 1.25. ಬೋಲ್ಟು ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟುದ್ದ ಮರೆ ನಟ್ಟಿನೊಳಗೆ ಇರಬೇಕು ಎಂಬುದು ಲೇತಿನವರೆಲ್ಲರಿಗೂ ಬಾಯಿಪಾಠ. ಇಲ್ಲಿ ಇದ್ದದ್ದು ಅದರ ಅರ್ಧ. ಪ್ಲೇಟು ನುಂಗಿದ ಹತ್ತು ಮಿಲಿಮೀಟರ್ ಹೋದದ್ದು ಬೋಲ್ಟಿನ ಉದ್ದದಿಂದ.

ಲೇತಿನವ ಬೋಲ್ಟನ್ನೂ ನಟ್ಟನ್ನೂ ಬೆಳಕಿಗೆ ಹಿಡಿದು ನೋಡಿ ತಂದೆಗೆ ತೋರಿಸಿದ. "ಅಣ್ಣಾರ, ಇಷ್ಟರ ಮ್ಯಾಲ ನಿಂತಿತ್ರಿ."

ತಂದೆ ಅದನ್ನು ಮುಟ್ಟಿ ನೋಡಿದರು. ಸವದತ್ತಿ, ಮುನವಳ್ಳಿ, ರಾಮದುರ್ಗ ಎಲ್ಲ ಸುತ್ತಿ ಬಂದದ್ದು ಇದರ ಮೇಲೆಯೇ ಎಂದು ತಿಳಿದಾಗ ಅವರ ಸಿಟ್ಟು ಮಗನನ್ನು ಬಿಟ್ಟು ಬೇರೆ ಕಡೆ ಹೊರಳಿತು. "ಅದನ್ನ ಮಾರಿದವರು ಹೇಳಬಾರದಾ?" ಎಂದರು. ಯಾರೂ ಮಾತಾಡಲಿಲ್ಲ. ತಾಯಿ ಬೆಂಚಿನಿಂದ ಎದ್ದು ಬಂದು ಬೋಲ್ಟಿಗೆ ಒಂದು ಚಿಟಿಕೆ ಭಂಡಾರ ಹಚ್ಚಿದರು. ಮಿಸ್ತ್ರಿ ಅದನ್ನು ಒರೆಸಲಿಲ್ಲ.

ಮುಂದಿನದು ಹೊತ್ತು ಹಿಡಿಯುವ, ಆದರೆ ಹೇಳಲು ಹೆಚ್ಚೇನೂ ಇಲ್ಲದ ಕೆಲಸ. ಹಬ್ಬಿನ ಮುಖಕ್ಕೆ ಕೂತ ಜಂಗನ್ನು ತಂತಿ ಬ್ರಶ್ಶಿನಿಂದ, ಆಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿ ತೆಗೆದರು. ಒಂದು ಸಣ್ಣ ಚಕ್ಕೆ ಸಿಕ್ಕಿಕೊಂಡಿದ್ದರೂ ಗಾಲಿ ಒಂದು ಮಗ್ಗುಲಿಗೆ ವಾಲಿ ಕೂರುತ್ತದೆ. ಬೋಲ್ಟಿನ ಮರೆಗಳ ಮೇಲೆ ಹೊಸ ನಟ್ಟನ್ನು ಕೈಯಿಂದಲೇ ಕೊನೆಯವರೆಗೆ ಓಡಿಸಿ ನೋಡಿದರು. ಎಲ್ಲೂ ಕಚ್ಚಲಿಲ್ಲ. ಪ್ಲೇಟಿಲ್ಲದೆ ಗಾಲಿಯನ್ನು ಹಬ್ಬಿಗೆ ಹಿಡಿದಾಗ ಟಕ್ ಎಂದು ಒಂದು ಸಣ್ಣ ಸದ್ದು, ನಡುವೆ ನಡು ಕೂತದ್ದಕ್ಕೆ. ಗಾಡಿ ಜಾಕಿನ ಮೇಲಿರುವಾಗಲೇ ನಟ್ಟುಗಳನ್ನು ಎದುರುಬದುರಾಗಿ ಮೊದಲು ಕೈಬಿಗಿ, ಆಮೇಲೆ ಪಾನಾದಿಂದ ಅರೆಬಿಗಿ. ನೆಲಕ್ಕೆ ಇಳಿಸಿದ ಮೇಲೆ ಟಾರ್ಕ್ ಪಾನಾ. ಈಚಿನ ಸ್ವಿಫ್ಟಿಗೆ ಸುಮಾರು 100 ನ್ಯೂಟನ್ ಮೀಟರ್, ಅಂದರೆ ಒಂದು ಮೀಟರ್ ಉದ್ದದ ಪಾನಾದ ತುದಿಗೆ 10 ಕಿಲೋ ತೂಗುಬಿಟ್ಟಷ್ಟು ಬಿಗಿ. ಪಾನಾ 'ಕಟ್' ಎಂದಾಗ ಕೈ ಬಿಡಬೇಕು. ಪಾನಾದ ಮೇಲೆ ಹತ್ತಿ ನಿಂತು ಕುಣಿಯುವ ಪದ್ಧತಿ ಇದೆಯಲ್ಲ, ಅದರಿಂದ ಬೋಲ್ಟು ಹಿಗ್ಗಿ ಹಾಳಾಗುತ್ತದೆ, ಅಲಾಯ್ ರಿಮ್ಮೂ ಕೆಡುತ್ತದೆ. ಸ್ಕ್ರೂಡ್ರೈವರ್ ಮತ್ತೆ ಇಟ್ಟಿಗೆ ಏರಿತು. ಬೆಳಕಿನ ಗೆರೆ ಸುತ್ತಿನುದ್ದಕ್ಕೂ ಒಂದೇ ಸಮ.

ಈ ಸಲ ಹೆದ್ದಾರಿಗೆ ಅಪ್ಪನೇ ಗಾಡಿ ಓಡಿಸಿದರು. ಕಿತ್ತೂರು ದಾಟಿ ಮುಳ್ಳು 95ಕ್ಕೆ ಏರಿತು. ಕವಡೆ ಸರ ಓಲಾಡಿತೇ ವಿನಾ ಚಿಟಿಗುಟ್ಟಲಿಲ್ಲ, ಬಾಟ್ಲಿಯ ನೀರು ರಸ್ತೆಗೆ ತಕ್ಕಷ್ಟೇ ಅಲುಗಿತು. ತೇಗೂರಿನ ಹತ್ತಿರ ತಿರುವು ಸಿಕ್ಕರೂ ಅವರು ತಿರುಗಿಸದೆ ಇನ್ನೂ ಸ್ವಲ್ಪ ದೂರ ಹೊಡೆದರು. ಹಿಂದೆ ಕೂತ ಹುಡುಗ ಮುಳ್ಳನ್ನೇ ನೋಡುತ್ತಿದ್ದ. "ಅಪ್ಪಾ, ನೂರಾತು," ಎಂದ.

"ಹೇಳಬ್ಯಾಡ, ನನಗ ಕಾಣತೈತಿ."

ಶೆಡ್ಡಿನಲ್ಲಿ ಲೆಕ್ಕ ಮುಗಿಯುವ ಹೊತ್ತಿಗೆ ಲೇತಿನವ ಪ್ಲೇಟುಗಳನ್ನು ಕೈಯಲ್ಲಿ ತೂಗಿ ನೋಡುತ್ತಿದ್ದ. ಹುಡುಗ ಅವನನ್ನು ಬದಿಗೆ ಕರೆದ. ಒಳಗೆ ಒಂದು ಉಂಗುರ ಹಾಕಿ ತೂತನ್ನು 54ಕ್ಕೆ ಇಳಿಸಿ, ಹೊರಗೆ ಒಂದು ಅಂಚು ಎಬ್ಬಿಸಿ, ಉದ್ದ ಬೋಲ್ಟು ಹಾಕಿದರೆ ಆಗುವುದಿಲ್ಲವೇ ಎಂಬುದು ಅವನ ಪ್ರಶ್ನೆ. ಮದುವೆಗೆ ಇನ್ನೂ ತಿಂಗಳಿದೆ.

"ಉಂಗುರ ಮಾಡೂದು ಅರ್ಧ ತಾಸಿನ ಕೆಲಸ," ಎಂದ ಲೇತಿನವ. "ಆದರ ಚಪ್ಪಟಿ ಪ್ಲೇಟಿಗೆ ಅಂಚು ಎಲ್ಲಿಂದ ಎಬ್ಬಸ್ಲಿ? ಹೊಸಾ ಗುಂಡಿ ತಂದು ಕಡೀಬೇಕು."

"ಬೇರಿಂಗಿನ ರೊಕ್ಕಾನೂ ಕೂಡಿಸಿ ಇಟ್ಟಿರು," ಎಂದರು ಮಿಸ್ತ್ರಿ, ಬೇರೊಂದು ಗಾಡಿಯ ಕೆಳಗಿನಿಂದ. "ಗಾಲಿ ಹೊರಗ ಹೋದಷ್ಟು ಬೇರಿಂಗ್ ಲಗೂನ ಹೋಗ್ತೈತಿ. ತೆಗ್ಗಿನ್ಯಾಗ ಇಳಿದಾಗ ಸ್ಟೇರಿಂಗೂ ಕೈ ತಿರುವ್ತೈತಿ. ಮತ್ತ ಇವತ್ತ ಬಿಗಿದ ನಟ್ಟು ಗುಡ್ಡಕ್ಕ ಹೋಗಿ ಬಂದ ಮ್ಯಾಲ ಒಮ್ಮೆ ಬಂದು ನೋಡಸ್ಕೊಂಡು ಹೋಗು."

"ಈ ಎರಡಕ್ಕ ಎಷ್ಟ ಕೊಟ್ಟಿ?" ತಂದೆ ಪ್ಲೇಟಿನ ಕಡೆ ಗಲ್ಲ ಎತ್ತಿ ಕೇಳಿದರು.

ಹುಡುಗ ಹೇಳಿದ ಮೊತ್ತ ನಿಜವಾದದ್ದಕ್ಕಿಂತ ಕಡಿಮೆ ಇದ್ದಂತಿತ್ತು. ಅಷ್ಟಾದರೂ ತಂದೆಗೆ ಸಾಕಾಯಿತು. ಲೇತಿನವನಿಗೆ ಗುಜರಿ ದರ ಕೇಳಿದರು. ಅವನು ಕಿಲೋ ಲೆಕ್ಕದಲ್ಲಿ ಹೇಳಿದ್ದು ಕೇಳಿ ಇನ್ನಷ್ಟು ಸಿಟ್ಟಿಗೆದ್ದು, ಮಾರುವುದೇ ಬೇಡ, ಡಿಕ್ಕಿಗೆ ಹಾಕು ಎಂದರು. ಡಿಕ್ಕಿಯಲ್ಲಿ ಬಾನದ ಬುಟ್ಟಿ, ಕಾಯಿ ಕರ್ಪೂರದ ಚೀಲ ಇಟ್ಟಾಗಿತ್ತು.

"ನನ್ನ ಬುಟ್ಟಿ ಜೋಡಿ ಇದನ್ನ ಇಡಬ್ಯಾಡ್ರಿ," ಎಂದರು ತಾಯಿ. ಕೊನೆಗೆ ಪ್ಲೇಟುಗಳು ಹುಡುಗನ ಕಾಲಬುಡಕ್ಕೆ ಹೋದವು. ಹೊರಗೆ ಕಬ್ಬಿನ ಟ್ರ್ಯಾಕ್ಟರಿನವನು ಪಂಕ್ಚರಾದ ಟ್ರೇಲರ್ ತಂದು ಅಡ್ಡ ನಿಲ್ಲಿಸಿ, ಹಾಡು ಬಂದ್ ಮಾಡದೆ ಮಿಸ್ತ್ರಿಯನ್ನು ಕೂಗುತ್ತಿದ್ದ. ಅವನು ಹಿಂದಕ್ಕೆ ಸರಿಯುವವರೆಗೆ ಸ್ವಿಫ್ಟ್ ಹೊರಡುವಂತಿರಲಿಲ್ಲ. ಅಷ್ಟರಲ್ಲಿ ಅಪ್ಪನೂ ಮಗನೂ ಗುಡ್ಡಕ್ಕೆ ಹುಣ್ಣಿಮೆಯ ಹಿಂದಿನ ರಾತ್ರಿಯೇ ಹೊರಡುವುದೋ, ಮರುದಿನ ಬೆಳಿಗ್ಗೆಯೋ ಎಂಬ ಹೊಸ ವಾದಕ್ಕೆ ಇಳಿದಿದ್ದರು.